ಮಾವನವರ ಕನ್ನಡಕಕ್ಕೆ ಅಂಟು

“ಅಯ್ಯೋ ತಾಯಿ, ಒಲೆ ಹತ್ರ ತರಬೇಡಿ!” ಎಂದು ಕೂಗಿ ಸಿನಿಮಾ ಆಪರೇಟರು ನನ್ನ ಕೈಯಿಂದ ಕನ್ನಡಕ ಕಿತ್ತುಕೊಂಡರು. ಮುಳಬಾಗಿಲಿನ ಟೆಂಟ್ ಸಿನಿಮಾದಲ್ಲಿ ರೀಲು ಓಡಿಸುತ್ತಿದ್ದ ಅವರು ದಿನಾ ನಮ್ಮ ಹಿತ್ತಲಿಗೆ ಮಜ್ಜಿಗೆ ಕೊಳ್ಳಲು ಬರುತ್ತಿದ್ದರು.

ನಾನು ಹೊಸ ಸೊಸೆ. ಮೇಷ್ಟರಾಗಿದ್ದ ಮಾವನವರ ಕನ್ನಡಕದ ಮೇಲೆ ಕೂತು ಫ್ರೇಮು ಮುರಿದಿದ್ದೆ. ಅವರ ಸ್ನಾನ ಮುಗಿಯುವುದರೊಳಗೆ ಅಂಟಿಸಬೇಕಿತ್ತು. ತವರಿನಲ್ಲಿ ಕುಡುಗೋಲಿನ ಹಿಡಿ ಕೂರಿಸುತ್ತಿದ್ದಂತೆ ಹಿತ್ತಲ ಒಲೆಯಲ್ಲಿ ಅರಗು ಕಾಯಿಸುತ್ತಿದ್ದೆ.

ಆಪರೇಟರು ಜೇಬಿನಿಂದ ರೀಲಿನ ಚೂರೊಂದನ್ನು ತೆಗೆದು ಕೆಂಡಕ್ಕೆ ಎಸೆದರು. ಅದು ಭಗ್ಗೆಂದು ಉರಿದುಹೋಯಿತು. “ಈ ಫ್ರೇಮೂ ಅದೇ ಸೆಲ್ಯುಲಾಯ್ಡು. ಇದಕ್ಕೆ ಅರಗು ಹಿಡಿಯಲ್ಲ, ಬೆಂಕಿ ಹಿಡಿಯುತ್ತೆ,” ಎಂದರು.

ರೀಲು ಜೋಡಿಸುವ ಅಂಟಿನ ಸೀಸೆ ಅವರ ಬಳಿಯೇ ಇತ್ತು. ಕಡ್ಡಿಯಲ್ಲಿ ಒಂದು ಹನಿ ಸವರಿ, ಎರಡು ತುಂಡನ್ನೂ ಒತ್ತಿ ಹಿಡಿದರು. ಹಿತ್ತಲೆಲ್ಲ ಆ ಅಂಟಿನದೇ, ಕಳಿತ ಬಾಳೆಹಣ್ಣಿನಂಥ ವಾಸನೆ. ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಅಷ್ಟರಲ್ಲಿ ಫ್ರೇಮು ಕೂಡಿಕೊಂಡಿತ್ತು.

ಹೊರಡುವಾಗ ಅವರು ನನ್ನ ತುರುಬು ನೋಡಿ, “ಆ ಬಾಚಣಿಗೇನೂ ಅದೇ ಸೆಲ್ಯುಲಾಯ್ಡು ಕಣಮ್ಮಾ,” ಎಂದರು. ದಿನಾ ಅದನ್ನು ಮುಡಿದುಕೊಂಡೇ ನಾನು ಒಲೆ ಊದುತ್ತಿದ್ದೆ.

ಈಗ ತಲೆ ನೆರೆತಿದೆ, ಬಾಚಣಿಗೆ ಮುಡಿಯುವುದು ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಒಲೆಗೆ ಬಗ್ಗುವ ಮುನ್ನ ಕೈ ಒಮ್ಮೆ ತುರುಬಿಗೆ ಹೋಗಿ ಬರುತ್ತದೆ.