ತಾತನಿಗೆ ತೊಡಿಸಿದ ಅಂಗಿ

ಮಕ್ಕಳೇ, ನಿಮ್ಮ ತಾತ ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ, ನಾಲ್ಕೂ ಊರಿನ ಫುಟ್‌ಬಾಲ್ ತಂಡಗಳಿಗೆ ಕೋಚ್ ಆಗಿದ್ದವರು. ತಂಡ ಸೋತಾಗಲೆಲ್ಲ ಊರು ಬದಲಾಗುತ್ತಿತ್ತು, ನಾನು ಪಾತ್ರೆ ಕಟ್ಟುತ್ತಿದ್ದೆ. ಅವರು ತೀರಿಕೊಂಡ ದಿನ ನಾಲ್ಕೂ ತಂಡದವರು ತಮ್ಮ ತಮ್ಮ ಜರ್ಸಿ ತಂದರು. ಮಣ್ಣು ಮಾಡುವಾಗ ತಮ್ಮದನ್ನೇ ತೊಡಿಸಬೇಕಂತೆ.

"ನಮಗೆ ಕಪ್ ತಂದ್ಕೊಟ್ಟೋರು ಕಣ್ಲಾ," ಎಂದ ಶಿರಾದವನು.

"ಆಮೇಲೆ ಓಡಿಸಿದ್ದು ಯಾರ್ಲಾ?" ಎಂದ ಮಧುಗಿರಿಯವನು.

ಕೊನೆಗೆ ನನ್ನ ಕಡೆ ತಿರುಗಿ, "ನೀವೇ ಹೇಳ್ಬುಡಿ ಅಮ್ಮ," ಎಂದರು.

ನನಗೆ ಅಳು ಬಂದಿರಲಿಲ್ಲ, ಏನೂ ಅನ್ನಿಸುತ್ತಲೂ ಇರಲಿಲ್ಲ. ಒಳಗೆ ಹೋಗಿ ಅವರ ಬಿಳಿ ಅಂಗಿ ತಂದೆ. ಒಂದೊಂದು ತಂಡ ಬಿಟ್ಟ ದಿನವೂ ಜರ್ಸಿ ವಾಪಸ್ ಕೊಟ್ಟು, ಬಿಳಿ ಅಂಗಿಯಲ್ಲೇ ಅವರು ಮನೆಗೆ ಬರುತ್ತಿದ್ದದ್ದು. ಹುಡುಗರು ಜರ್ಸಿ ಮಡಚಿಕೊಂಡರು. ಅಂಗಿಯ ಗುಂಡಿಗಳನ್ನು ನಾನೇ ಹಾಕಿದೆ.