ಹಾಸಿಗೆ ಬಿಡುವ ಹೊತ್ತು

ಮದೀನಾದ ಲಿರಿಯೆ ಉಮ್ಮನ ಮನೆಯಲ್ಲಿ ಉಳಿದವರೆಲ್ಲ ಜಲೀಲಾಕನನ್ನು ನೋಡಿದ್ದಾರೆ. ಅವರು ಕೂತದ್ದನ್ನು ಮಾತ್ರ ಯಾರೂ ನೋಡಿಲ್ಲ. ಅಲ್ಬೇನಿಯಾ ಮೂಲದ ಅಜ್ಜಿ ಲಿರಿಯೆ ಉಮ್ಮ ಮನೆಯ ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ, ಮನೆಮಂದಿಯ ಜೊತೆಗೇ ಕೂರಿಸಿ ಉಣಬಡಿಸುತ್ತಾರೆ. ಸೌದಿಯದೇ ಬಂದರು ಊರು ಯಾನ್ಬುವಿನಲ್ಲಿ ಪೈಪ್ ಫಿಟ್ಟರ್ ಆಗಿರುವ ನಮ್ಮ ಉಳ್ಳಾಲದ ಜಲೀಲಾಕ ತಿಂಗಳಿಗೊಮ್ಮೆ ಎರಡು ದಿನ ಆರಾಮ ಮಾಡಲೆಂದೇ ಇಲ್ಲಿಗೆ ಬರುವುದು. ಬಂದವರು ಚೀಲ ಬಿಚ್ಚುವುದಿಲ್ಲ. ಚಪ್ಪಲಿಯನ್ನು ಬೀದಿಗೆ ಮುಖಮಾಡಿಯೇ ಬಿಡುತ್ತಾರೆ. ತಾರಸಿಯಲ್ಲಿ ಉಮ್ಮ ತಮ್ಮೂರಿನ ಪದರದ ರೊಟ್ಟಿ ಫ್ಲಿಯಾ ಮಾಡುತ್ತಿದ್ದರಂತೂ ಕತೆ ಮುಗಿಯಿತು. ತೆಳ್ಳಗೆ ಹಿಟ್ಟು ಹೊಯ್ದು, ಕೆಂಡದಲ್ಲಿ ಕಾದ ಮುಚ್ಚಳ ಮುಚ್ಚಿ, ಅದು ಬೆಂದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಹೀಗೆ ಮೂರು ಗಂಟೆ. "ಎಂತ ಮಾರಾಯ, ಇನ್ನೂ ಆಗ್ಲಿಲ್ವಾ?" ಎಂದು ನನ್ನನ್ನು ಕೇಳುತ್ತ ಜಲೀಲಾಕ ಒಲೆಗೆ ಪ್ರದಕ್ಷಿಣೆ ಹಾಕುತ್ತಾರೆ. ಮೊಸರಲ್ಲಿ ಬೇಯಿಸಿದ ಕುರಿಮಾಂಸ ಬಡಿಸಿದರೆ, ನಾವು ಬಿಸ್ಮಿಲ್ಲಾ ಹೇಳುವಷ್ಟರಲ್ಲಿ ಅವರು ತಿಂದು, ತಟ್ಟೆ ತೊಳೆದಿಟ್ಟು, "ಯಲ್ಲಾ, ಹೊರಡುವ" ಎನ್ನುತ್ತಾರೆ. ಎಲ್ಲಿಗೆಂದು ಅವರಿಗೂ ಗೊತ್ತಿಲ್ಲ. ಕಳೆದ ಸಲ ಕೋಣೆ ಸಾಲದೆ ಉಮ್ಮ ನನಗೂ ಜಲೀಲಾಕನ ಕೋಣೆಯಲ್ಲೇ ಹಾಸಿದರು. ನಸುಕಿನ ಸುಬಹಿ ನಮಾಜು ಮುಗಿಸಿ ಮತ್ತೆ ಮಲಗಿದ್ದ ಜಲೀಲಾಕ ಆರಕ್ಕೆ ಸರಿಯಾಗಿ ದಡಬಡಿಸಿ ಎದ್ದು, ಚಾದರ ಮಡಚಿ, ದಿಂಬು ಮಗುಚಿ ಹಾಕಿ, ಚೀಲ ಹಿಡಿದು ಬಾಗಿಲಲ್ಲಿ ನಿಂತರು. "ಮಲಗಿ ಜಲೀಲಾಕ, ರಜೆಯಲ್ವಾ?" ಎಂದೆ. "ಕಂಪನಿ ಕ್ಯಾಂಪಲ್ಲಿ ಒಂದು ಮಂಚಕ್ಕೆ ಇಬ್ಬರು ಮಾರಾಯ, ರಾತ್ರಿ ನಾನು, ಹಗಲು ಇನ್ನೊಬ್ಬ, ಹನ್ನೊಂದು ವರ್ಷದಿಂದ," ಎಂದರು ಖಾಲಿ ಹಾಸಿಗೆಯನ್ನೇ ನೋಡುತ್ತ. "ಈ ಹೊತ್ತಿಗೆ ನೈಟ್ ಶಿಫ್ಟಿನವ ಸುಸ್ತಾಗಿ ಬಂದು ನಿಂತಿರ್ತಾನೆ. ಅವನ ಎದುರು ಮಲಗಿರುವುದು ಹೇಗೆ?"