ಚೀರಿದರೆ ಕೇಳದ ಓಣಿ

ನನ್ನ ದುಪಟ್ಟಾದ ಎಡಭುಜದಲ್ಲಿ ಎರಡು ಪಿನ್ನುಗಳಿರುತ್ತವೆ. ಒಂದು ದುಪಟ್ಟಾವನ್ನು ಹಿಡಿದಿರುತ್ತದೆ. ಇನ್ನೊಂದು ಏನನ್ನೂ ಹಿಡಿದಿರುವುದಿಲ್ಲ. ಹೊತ್ತಿಗೆ ಬೇಕಾದೀತು ಎಂದು ಸುಮ್ಮನೆ ಅಲ್ಲಿರುತ್ತದೆ. ಬಸ್ಸಿನಲ್ಲಿ ನಿಂತು ಓಡಾಡುವ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡಸರಲ್ಲೂ ಕೆಲವರಿಗೆ ಅನುಭವದಿಂದ ಗೊತ್ತಿದೆ.

ಹಳೆಯ ಕೋಟೆಗಳ ಹೆಬ್ಬಾಗಿಲಲ್ಲಿ ಆನೆಯ ಹಣೆಯೆತ್ತರಕ್ಕೆ ಚೂಪಾದ ಮೊಳೆಗಳನ್ನು ಹೊಡೆದಿರುತ್ತಾರೆ, ಶತ್ರುವಿನ ಆನೆ ಬಂದು ಗುದ್ದದಿರಲಿ ಎಂದು. ನನ್ನ ಪಿನ್ನು ಆ ವಂಶದ ಕೊನೆಯ ಕುಡಿ ಎಂದು ನಾನು ನಂಬಿದ್ದೇನೆ. ಆನೆಗಳು ಹೋದವು, ಕೋಟೆಗಳು ಬಿದ್ದವು, ಗುದ್ದುವವರು ಮಾತ್ರ ಬಸ್ಸಿಗೆ ವರ್ಗವಾದರು.

ಬನಹಟ್ಟಿಯಲ್ಲಿ ನನ್ನ ಮನೆ. ಜಮಖಂಡಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಇವೆರಡರ ನಡುವಿನ ದಾರಿಗಾಗಿ ನನಗೆ ಸಿಕ್ಕಿರುವಷ್ಟು ಉಪದೇಶ ಹಿಮಾಲಯ ಹತ್ತುವವರಿಗೂ ಸಿಕ್ಕಿರಲಾರದು. ಕೆಲಸಕ್ಕೆ ಸೇರಿದ ವಾರವೇ ಅವ್ವ ಒಂದು ಸಣ್ಣ ಡಬ್ಬಿಯಲ್ಲಿ ಕೆಂಪು ಖಾರ ಹಾಕಿ ಚೀಲದಲ್ಲಿಟ್ಟಳು. ಯಾರಾದರೂ ಮೈಮೇಲೆ ಬಂದರೆ ಕಣ್ಣಿಗೆ ಎರಚಬೇಕಂತೆ. ಆದರೆ ನಮ್ಮ ಕಡೆಯ ಹೆಂಗಸರಿಗೆ ಖಾರವನ್ನು ಬರೇ ಖಾರವಾಗಿ ಬಿಡುವುದು ಗೊತ್ತಿಲ್ಲ. ಕಳ್ಳನಿಗೇ ಆದರೂ ಸಪ್ಪಗೆ ಕೊಡುವುದು ಹೇಗೆ ಎಂದು ಅದಕ್ಕೆ ಬಳ್ಳೊಳ್ಳಿ, ಜೀರಿಗೆ, ಉಪ್ಪು ಕುಟ್ಟಿ ಸೇರಿಸಿದ್ದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅದರ ವಾಸನೆ ಚೀಲದಿಂದ ಹೊರಟು ಇಡೀ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿಸಿತು.

‘ಏನ್ರೀ ಮೇಡಮ್, ಇಂಥಾದ್ದು ಮುಚ್ಚಿಟ್ಟು ಒಬ್ಬರೇ ತಿಂತೀರೇನ್ರಿ?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಡಬ್ಬಿ ತೆರೆದೇಬಿಟ್ಟರು. ನನ್ನ ರಕ್ಷಣಾ ವ್ಯವಸ್ಥೆ ರೊಟ್ಟಿ ಎಣ್ಣೆಯ ಜೊತೆ ಅಂದೇ ಖಾಲಿಯಾಯಿತು. ‘ನಾಳೆ ಇನ್ನಷ್ಟು ತರ್ರಿ’ ಎಂದರು. ಮರುದಿನ ತಂದುಕೊಟ್ಟೆ. ಅದು ಯಾರನ್ನು ಎದುರಿಸಲಿಕ್ಕೆ ಎಂದು ಇವತ್ತಿಗೂ ಹೇಳಿಲ್ಲ.

ಮುಧೋಳದ ಸೋದರಮಾವನ ಉಪಾಯ ಬೇರೆ. ‘ತಿಮ್ಮಾಪುರದ ನಾಯಿ ಕೇಂದ್ರದಿಂದ ಒಂದು ಮರಿ ಕೊಡಸ್ತೇನಿ, ಕಟ್ಟಿಕೋ’ ಎಂದ. ಬಸ್ಸಿನಲ್ಲಿ ಅದನ್ನು ಎಲ್ಲಿ ಕೂಡಿಸಲಿ ಎಂದು ಕೇಳಿದೆ. ‘ಅದು ಬಸ್ಸಿನ ಹಿಂದ ಓಡಿ ಬರತೈತಿ ಬಿಡ’ ಎಂದ. ಮುಧೋಳದವರಿಗೆ ಅವರ ನಾಯಿಯ ಮೇಲಿರುವ ಭರವಸೆ ನಮ್ಮ ಸಾರಿಗೆಯ ಮೇಲಿಲ್ಲ. ಆ ನಾಯಿಯ ಬಗ್ಗೆ ನನಗೆ ಒಳಗೊಳಗೇ ಅಭಿಮಾನವಿದೆ. ಅದು ಮೂಸಿ ಹುಡುಕುವ ಜಾತಿಯಲ್ಲ, ನೋಡಿ ಹಿಡಿಯುವ ಜಾತಿ. ದೂರದಿಂದಲೇ ಎಲ್ಲ ನೋಡಿರುತ್ತದೆ, ಸುಮ್ಮಸುಮ್ಮನೆ ಬೊಗಳುವುದಿಲ್ಲ. ನನ್ನ ಸ್ವಭಾವವೂ ಹಾಗೇ. ವ್ಯತ್ಯಾಸವೆಂದರೆ ಅದು ನೋಡಿದ ಮೇಲೆ ಓಡಿ ಹಿಡಿಯುತ್ತದೆ. ನಾನು ನೋಡಿ ಸುಮ್ಮನಿರುತ್ತೇನೆ.

ಹಾಗೆ ನೋಡಿ ಸುಮ್ಮನಿದ್ದದ್ದು ಒಂದು ಕರಿಯ ಬೈಕನ್ನು. ಸಂಜೆ ನಾನು ಬಸ್ಸಿಳಿದ ಕೂಡಲೇ ಅದು ಚಹಾದಂಗಡಿಯ ಮುಂದಿನಿಂದ ಹೊರಡುತ್ತಿತ್ತು, ನನ್ನ ನಡಿಗೆಯ ವೇಗಕ್ಕೇ ಹಿಂದೆ ಬರುತ್ತಿತ್ತು, ನಮ್ಮ ಓಣಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ಬೈಕಿನ ನಂಬರು ನನಗೆ ಬಾಯಿಪಾಠವಾಗಿತ್ತು. ಆದರೂ ಮನೆಯಲ್ಲಿ ಹೇಳಲಿಲ್ಲ. ಯಾಕೆಂದು ನಿಮಗೂ ಗೊತ್ತಿರಬಹುದು. ಹುಡುಗಿಯನ್ನು ಒಬ್ಬ ಹಿಂಬಾಲಿಸಿದರೆ ನಿಲ್ಲುವುದು ಅವನ ಬೈಕಲ್ಲ, ಅವಳ ಕೆಲಸ. ‘ಊರಾಗ ಸಾಲಿ ಇಲ್ಲೇನು?’ ಎಂಬ ಮಾತು ನಮ್ಮ ಮನೆಯ ಗೋಡೆಯ ಮಾಡದಲ್ಲಿ ಮೊದಲಿಂದಲೂ ಇಟ್ಟೇ ಇದೆ. ಕೈಗೆತ್ತಿಕೊಳ್ಳಲು ಒಂದು ನೆಪ ಸಾಕು. ನನಗೆ ಆ ಕೆಲಸ ಬೇಕಿತ್ತು. ನಕಾಶೆ ಬಿಡಿಸಿ ಗೋಡೆಗೆ ತೂಗುಹಾಕಿದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದಲ್ಲ, ಅದು ಬೇಕಿತ್ತು.

ಒಂದು ಸಂಜೆ ಬೈಕು ತಿರುವಿನಲ್ಲಿ ನಿಲ್ಲಲಿಲ್ಲ. ಓಣಿಯೊಳಗೆ ಬಂತು, ನನ್ನ ಮುಂದೆ ಅಡ್ಡ ನಿಂತಿತು. ಅವನು ಇಳಿದು ನನ್ನ ಬಲಗೈಯ ಮಣಿಕಟ್ಟು ಹಿಡಿದ. ಏನೋ ಹೇಳಿದ, ಕೇಳಿಸಲಿಲ್ಲ. ನನ್ನ ಎಡಗೈ ಭುಜದ ಪಿನ್ನಿಗೆ ಹೋಯಿತು. ಆಗ ತಿಳಿದದ್ದು: ಪಿನ್ನು ಬಿಚ್ಚಲು ಎರಡು ಕೈ ಬೇಕು. ಒಂದು ಅವನ ಹತ್ತಿರ ಇತ್ತು.

ಚೀರಿದೆ. ಕಾಲೇಜಿನಲ್ಲಿ ಆತ್ಮರಕ್ಷಣೆ ಕಲಿಸಲು ಬಂದಿದ್ದವರು ಅದನ್ನೇ ಹೇಳಿದ್ದರು: ನಾಚಬೇಡಿ, ಜೋರಾಗಿ ಚೀರಿ. ಪಾಪ, ಅವರು ಬನಹಟ್ಟಿಯವರಲ್ಲ. ನಮ್ಮ ಓಣಿಯ ಎರಡೂ ಬದಿ ಮನೆಮನೆಯಲ್ಲಿ ಪವರ್‌ಲೂಮ್. ಖಟಖಟ ಖಟಖಟ ಎಂಬ ಆ ಸದ್ದಿನಲ್ಲಿ ಒಳಗಿನವರು ಒಬ್ಬರಿಗೊಬ್ಬರು ಕೈಸನ್ನೆಯಲ್ಲೇ ಚಹಾ ಕೇಳುತ್ತಾರೆ. ನನ್ನ ಚೀರಾಟ ನನಗೇ ಕೇಳಿಸಲಿಲ್ಲ. ಇಲ್ಲಿ ಸದ್ದಿಗೆ ಯಾರೂ ತಲೆಯೆತ್ತುವುದಿಲ್ಲ. ಸದ್ದು ನಿಂತರೆ ಮಾತ್ರ ಎಲ್ಲರೂ ಹೊರಗೆ ಬರುತ್ತಾರೆ.

ಪಕ್ಕದಲ್ಲೇ ಗಂಗಪ್ಪ ಕಾಕಾನ ಮನೆಯ ಕಟ್ಟೆ, ಗೋಡೆಗೆ ಮೀಟರು, ಅದರ ಕೆಳಗೆ ಮೇನ್ ಸ್ವಿಚ್ಚು. ಎಡಗೈ ಚಾಚಿ ಅದರ ಹಿಡಿಕೆಯನ್ನು ಕೆಳಗೆ ಎಳೆದೆ.

ಒಳಗಿನ ಮಗ್ಗಗಳು ಗಕ್ಕನೆ ನಿಂತವು; ಕೂಗಿದರೆ ಕೇಳುವಷ್ಟಾದರೂ ಸದ್ದು ತಗ್ಗಿತು. ತಲೆಯ ತುಂಬ ಅರಳೆಯ ಧೂಳು ಹೊತ್ತ ಕಾಕಾ ಹೊರಗೆ ನುಗ್ಗಿದ. ‘ಯಾಂವಲೇ ಅಂವ ಮೇನ್ ತಗದಾಂವ?’ ಅವನ ಹಿಂದೆ ಇಬ್ಬರು ಗಂಡುಮಕ್ಕಳು. ಹಿಡಿದ ಕೈ ಸಡಿಲಾಯಿತು; ಬೈಕು ಹೋದದ್ದು ನನಗೆ ಸರಿಯಾಗಿ ಕಾಣಲೇ ಇಲ್ಲ.

‘ನಾನ್ರೀ ಕಾಕಾ’ ಎಂದೆ.

‘ನೀ ಯಾಕ ತಗದಿ ಬೇ? ಸೀರಿ ನಡುವ ಗೆರಿ ಬಿತ್ತಲ್ಲ!’ ಎಂದ ಕಾಕಾ. ಮಗ್ಗ ಹಾಗೆ ಅರ್ಧಕ್ಕೆ ನಿಂತರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ನೇಕಾರನ ಜೀವ ಮೊದಲು ಅಲ್ಲಿಗೇ ಹೋಗುವುದು. ಅಷ್ಟರಲ್ಲಿ ಹೊರಗೆ ಬಂದ ಅವನ ಹೆಂಡತಿ ಶಾಂತವ್ವ ಕಾಕು ನನ್ನ ಮಣಿಕಟ್ಟಿನ ಕೆಂಪು ನೋಡಿದಳು. ‘ಸೀರಿ ಸುಡ್ಲಿ, ಹುಡುಗಿ ಕೈ ನೋಡ್ರಿ ಮೊದಲ’ ಎಂದಳು. ಎದುರು ಮನೆಯವರು ಇವರನ್ನು ಕಂಡು ತಮ್ಮ ಮಗ್ಗ ನಿಲ್ಲಿಸಿದರು, ಅವರನ್ನು ಕಂಡು ಆಚೆಯವರು. ಇಡೀ ಓಣಿ ಶಾಂತವಾಯಿತು. ನಾನು ಇಷ್ಟು ದಿನ ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದನ್ನು ಆ ಶಾಂತಿಯಲ್ಲಿ ಎಲ್ಲರೆದುರು ಹೇಳಬೇಕಾಯಿತು.

‘ದಿನಾ ಗಂಟಲ ಹರಕೊಂಡು ಪಾಠ ಹೇಳ್ತಿ, ಮನ್ಯಾಗ ಒಂದ್ ಮಾತು ಹೇಳಾಕ ಬಾಯಿ ಇರಲಿಲ್ಲೇನ?’ ಎಂದಳು ಕಾಕು. ಬಾಯಿ ಇತ್ತು. ಹೇಳಿದ ಮೇಲೆ ಹೊರಗೆ ಹೋಗಲು ಬಾಗಿಲು ಇರುತ್ತದೋ ಇಲ್ಲವೋ ಎಂಬುದೇ ಸಂಶಯ.

ಮನೆಯಲ್ಲಿ ಅಂದುಕೊಂಡದ್ದೇ ಆಯಿತು. ‘ಸಾಕಾತು, ನಾಳಿಂದ ಹೋಗೂದು ಬ್ಯಾಡ’ ಎಂದ ಅಪ್ಪ. ಅಷ್ಟು ಹೇಳಿ, ಹಾಕಿದ್ದ ಬಾಗಿಲ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿದ.

‘ಅಪ್ಪಾ, ತಪ್ಪು ಮಾಡಿದಾಂವ ಅಂವ. ಮನ್ಯಾಗ ನಾ ಯಾಕ ಕೂಡಬೇಕು?’ ಎಂದೆ. ಇಷ್ಟು ಉದ್ದದ ಮಾತನ್ನು ನಾನು ಅಪ್ಪನೆದುರು ಆಡುವುದು ಅಪರೂಪ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ನಮ್ಮಲ್ಲಿ ಸುರಕ್ಷತೆಯ ಪಾಠವೆಲ್ಲ ಹೊಡೆಸಿಕೊಳ್ಳುವವರಿಗೇ ಏಕೆ ಎಂದು ಮಲಗಿದಲ್ಲೇ ಯೋಚಿಸಿದೆ. ಎಚ್ಚರ ಬೇಡವೆಂದಲ್ಲ. ಆದರೆ ನನ್ನ ಎಚ್ಚರವನ್ನೆಲ್ಲ ನಾನೊಬ್ಬಳೇ ಹೊತ್ತಿದ್ದೆ, ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ. ಗುಟ್ಟಾಗಿಟ್ಟದ್ದರಿಂದ ಅನುಕೂಲವಾದದ್ದು ಬೈಕಿನವನಿಗೆ ಮಾತ್ರ.

ಮರುದಿನ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಮೇಜಿನ ಆಚೆಗಿದ್ದವರು ‘ಹೇಳ್ರಿ, ಏನಾತು?’ ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ನೋಡಿದ. ನಾನು ಕುರ್ಚಿ ಎಳೆದುಕೊಂಡು ಕೂತು, ಹೆಸರಿನಿಂದ ಹಿಡಿದು ಬೈಕಿನ ನಂಬರಿನವರೆಗೆ ಎಲ್ಲ ಹೇಳಿದೆ. ದನಿ ತಗ್ಗಿಸಲಿಲ್ಲ. ಕೇಳಿಕೊಂಡವರು ಕೊನೆಗೆ ಅಪ್ಪನತ್ತ ತಿರುಗಿ, ‘ಅಂವನ್ನ ಹಿಡೀತೇವ್ರಿ. ಮಗಳನ್ನ ಒಂದಿಷ್ಟು ದಿನ ಮನ್ಯಾಗ ಇಟ್ಟುಕೋರಿ’ ಎಂದರು.

ಅಪ್ಪ ಗೋಡೆಯ ಗಡಿಯಾರ ನೋಡಿದ. ‘ಅದನ್ನ ಆಮ್ಯಾಲ ನೋಡೋಣಂತ್ರಿ. ಆಕಿ ಬಸ್ ತಪ್ಪತೈತಿ’ ಎಂದ.

ಜಮಖಂಡಿಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಹೋದೆ.